ಫಲಾನುಭವಿ ನಂಬರ್ ನಾಲ್ಕು

ಕೆಲಸವಿಲ್ಲದವರಿಗೆಂದೇ ಇಟ್ಟಿದ್ದ ಕಾರು ಸಾಲ ಕೇಳಲು ಹೋದ ಗೇರಕ್ಕನ ಹತ್ತಿರ ಬ್ಯಾಂಕಿನವರು ಮೊದಲು ಕೇಳಿದ್ದು ಸಂಬಳದ ಚೀಟಿ.

"ಆರು ತಿಂಗಳದ್ದು ಬೇಕು" ಎಂದ ಮ್ಯಾನೇಜರ್.

"ಕೆಲಸ ಹೋಗಿ ಎಂಟು ತಿಂಗಳಾಯ್ತು ಸಾರ್."

"ಹಾಗಾದ್ರೆ ಸಾಲ ಹೇಗಮ್ಮ ಕೊಡೋದು?"

"ಹೊರಗೆ ಬೋರ್ಡಲ್ಲಿ ಕೆಲಸ ಇಲ್ಲದೋರಿಗೆ ಅಂತ ಬರ್ದಿದೀರಲ್ಲ."

"ಹೌದು, ಕೆಲಸ ಇಲ್ಲದೋರಿಗೇ. ಆದ್ರೆ ಕಂತು ಕಟ್ಟೋಕೆ ಕೆಲಸ ಬೇಕಲ್ಲ?"

ಇದನ್ನು ಹೇಳುವಾಗ ಮ್ಯಾನೇಜರನ ಮುಖದಲ್ಲಿ ನಗುವಿರಲಿಲ್ಲ. ಕೊಂಕೂ ಇರಲಿಲ್ಲ. ಎರಡು ಮಾತು ಒಂದೇ ನಾಲಿಗೆಯ ಮೇಲೆ ಜಗಳವಾಡದೆ ಕೂರುವುದು ಅವನಿಗೆ ಅಭ್ಯಾಸವಾಗಿತ್ತು. ಸಂಬಳ ಬರುವುದೇ ಅದಕ್ಕೆ.

ಗೇರಕ್ಕ ಎಂಬುದು ಓಣಿಯ ಮಕ್ಕಳು ಇಟ್ಟ ಹೆಸರು. ಗೇರು ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕಸದ ಲಾರಿಯ ಗೇರು. ಒಂಬತ್ತು ವರ್ಷ ಅವಳು ಊರಿನ ಕಸ ಹೊತ್ತ ಲಾರಿ ಓಡಿಸಿದ್ದಳು. ಆ ಲಾರಿಯ ಎರಡನೇ ಗೇರು ಸುಮ್ಮನೆ ಬೀಳುತ್ತಿರಲಿಲ್ಲ. ಹಲ್ಲು ಕಚ್ಚಿ, ಭುಜ ಕೊಟ್ಟು ಎಳೆಯಬೇಕಿತ್ತು. ಎಳೆದೂ ಎಳೆದೂ ಅವಳ ಒಂದು ಭುಜ ಇನ್ನೊಂದಕ್ಕಿಂತ ದಪ್ಪಗಾಗಿತ್ತು. ಹಿಂದಿನ ಕೊಳೆತ ನೀರು ಸೀಟಿನ ಕೆಳಗೆ ಸೋರಿ ಬಂದು ಪಾದ ತೋಯಿಸುತ್ತಿತ್ತು. ಕಾಲಿನ ಉಗುರುಗಳು ಕಪ್ಪಾಗಿ, ಒಂದೊಂದಾಗಿ ಬಿದ್ದವು. ಮತ್ತೆ ಬಂದವೂ ಕಪ್ಪಾಗಿಯೇ ಬಂದವು.

ಒಂದು ಬೆಳಿಗ್ಗೆ ಗುತ್ತಿಗೆದಾರ ಆರು ಹೊಸ ಲಾರಿ ತಂದ. ಅವುಗಳ ಜೊತೆಗೇ ಆರು ಮಂದಿ ಹೊಸ ಡ್ರೈವರುಗಳೂ ಬಂದರು. ಎಲ್ಲರೂ ಅವನ ಭಾವಮೈದುನನ ಕಡೆಯವರು. "ನಾಳೆಯಿಂದ ಬರ್ಬೇಡ" ಎಂದ.

"ಅದನ್ನೇ ಒಂದು ಕಾಗದದಲ್ಲಿ ಬರ್ದು ಕೊಡಿ" ಎಂದಳು ಗೇರಕ್ಕ.

ಗುತ್ತಿಗೆದಾರನಿಗೆ ನಗು ಬಂತು. "ನೀನು ಕೆಲಸದಲ್ಲಿದೀಯ ಅಂತ ನಾನು ಯಾವತ್ತು ಬರ್ದಿದ್ದೆ, ಈಗ ಇಲ್ಲ ಅಂತ ಬರೆಯೋಕೆ?"

ನಿರುದ್ಯೋಗಿ ಎಂಬ ಪ್ರಮಾಣಪತ್ರ ಕೊಡುವ ಕಚೇರಿಯಲ್ಲೂ ಅದೇ ಕಥೆ. ಅಲ್ಲಿನ ಗುಮಾಸ್ತೆ ಸಣ್ಣ ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ವಿವರಿಸಿದಳು. "ನೋಡಮ್ಮ, ಕೆಲಸ ಹೋದೋರು ನಿರುದ್ಯೋಗಿ. ಕಾಗದದ ಪ್ರಕಾರ ನಿನಗೆ ಕೆಲಸವೇ ಇರಲಿಲ್ಲ. ನೀನು ಒಂಬತ್ತು ವರ್ಷ ಸುಮ್ನೆ ಮನೇಲಿದ್ದೆ."

ಗೇರಕ್ಕ ತನ್ನ ಕಾಲಿನ ಉಗುರು ನೋಡಿಕೊಂಡಳು. ಸುಮ್ಮನೆ ಮನೆಯಲ್ಲಿದ್ದ ಉಗುರು.

ಇಷ್ಟಕ್ಕೂ ಅವಳಿಗೆ ಕಾರಿನ ಶೋಕಿ ಇರಲಿಲ್ಲ. ಅವಳ ಅವ್ವನ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ದೊಡ್ಡಾಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅವಳ ಸರದಿ. ಎರಡಕ್ಕೆ ಹೋಗದಿದ್ದರೆ ಯಂತ್ರ ಇನ್ನೊಬ್ಬರಿಗೆ. ಬಡವರ ಕಾರ್ಡು ಇದ್ದುದರಿಂದ ಚಿಕಿತ್ಸೆಗೆ ದುಡ್ಡು ಕೊಡಬೇಕಿರಲಿಲ್ಲ. ಆದರೆ ಹೋಗುವುದು ಹೇಗೆ?

ಅವರ ಓಣಿ ಇದ್ದದ್ದು ಊರಿನ ಕಸದ ಗುಡ್ಡದ ಬುಡದಲ್ಲಿ. ಊರಿನ ಪ್ರತಿ ಮನೆಯ ಕಸಕ್ಕೂ ಆ ಓಣಿಯ ದಾರಿ ಗೊತ್ತಿತ್ತು. ಟ್ಯಾಕ್ಸಿಗಳಿಗೆ ಮಾತ್ರ ಗೊತ್ತಿರಲಿಲ್ಲ. ವಿಳಾಸ ಕೇಳಿದ ತಕ್ಷಣ ಡ್ರೈವರುಗಳ ಫೋನಿನ ಬ್ಯಾಟರಿ ಮುಗಿಯುತ್ತಿತ್ತು, ಟೈರು ಪಂಕ್ಚರ್ ಆಗುತ್ತಿತ್ತು. ಒಬ್ಬ ಒಮ್ಮೆ ಬಂದ. ಇಳಿದು, ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅವ್ವನಿಗೆ "ಈಗ ಕೂತ್ಕೊ" ಎಂದ. ಆಸ್ಪತ್ರೆಯ ಮುಂದೆ ಅವ್ವ ಇನ್ನೂ ಪೂರ್ತಿ ಇಳಿದಿರಲಿಲ್ಲ, ಒಳಗೆಲ್ಲ ಸೆಂಟು ಹೊಡೆದ. ಸೆಂಟು ಅವ್ವನ ಕಣ್ಣಿಗೆ ಬಿತ್ತು.

"ಹೆಣಕ್ಕೆ ಹೊಡೆದ ಹಾಗೆ ಹೊಡೆದ ಕಣೆ" ಎಂದಳು ಅವ್ವ. ಅದಾದ ಮೇಲೆ ಟ್ಯಾಕ್ಸಿ ಹತ್ತಲು ಒಪ್ಪಲಿಲ್ಲ.

ಲಾರಿ ಇದ್ದಾಗ ಗೇರಕ್ಕ ಅವ್ವನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದಳು. ಲಾರಿ ಹೋದ ಮೇಲೆ ಅವ್ವನನ್ನು ಸಾಗಿಸಿದ್ದು ಚಿಕ್ಕವ್ವನ ತಳ್ಳುಗಾಡಿ. ಚಿಕ್ಕವ್ವ ಎಂದರೆ ಅವ್ವನ ತಂಗಿ, ಮೂವತ್ತು ವರ್ಷದಿಂದ ನಗರಸಭೆಯ ಬೀದಿ ಗುಡಿಸುವವಳು. ಕಸದ ಡ್ರಮ್ಮು ಇಳಿಸಿ, ಗಾಡಿಯನ್ನು ಉಜ್ಜಿ ತೊಳೆದು, ಕಂಬಳಿ ಹಾಸಿ ಅಕ್ಕನನ್ನು ಕೂರಿಸಿ ತಳ್ಳುತ್ತಿದ್ದಳು. ಮೇಸ್ತ್ರಿ ಒಂದು ದಿನ ನೋಡಿಬಿಟ್ಟ. "ಇದು ಸರ್ಕಾರದ ಗಾಡಿ, ಕಸಕ್ಕೆ ಅಂತ ಕೊಟ್ಟಿರೋದು. ಮನುಷ್ಯರಿಗಲ್ಲ" ಎಂದು ಒಂದು ದಿನದ ಕೂಲಿ ಹಿಡಿದ.

ಆಗ ಗೇರಕ್ಕನ ತಲೆಗೆ ಕಾರು ಹೊಕ್ಕಿತು. ಕೈಯಲ್ಲಿ ಲೈಸೆನ್ಸು ಇತ್ತು. ಕಾರು ಬಂದರೆ ವಾರಕ್ಕೆರಡು ದಿನ ಅವ್ವನಿಗೆ. ಉಳಿದ ದಿನ ಬಾಡಿಗೆಗೆ ಓಡಿಸಬಹುದು, ಓಣಿಯ ಬಸುರಿಯರು, ಮುದುಕರು ಯಾರು ಕರೆದರೂ ಹೋಗಬಹುದು. ಅದೇ ಹೊತ್ತಿಗೆ ಬ್ಯಾಂಕಿನ ಮುಂದೆ ಆ ಬೋರ್ಡು ಎದ್ದಿತ್ತು.

ಅವಳು ಬ್ಯಾಂಕಿಗೆ ಏಳು ಸಲ ಹೋದಳು. ಏಳನೇ ಸಲ ಮ್ಯಾನೇಜರ್ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ ಊರಿನ ನಕ್ಷೆ ತೋರಿಸಿದ. ಎಲ್ಲ ಓಣಿಗಳೂ ಹಸಿರು. ಒಂದು ಕೆಂಪು.

"ಸಂಬಳದ ಚೀಟಿ ತಂದ್ರೂ ಆಗಲ್ಲಮ್ಮ. ನಿನ್ನ ವಿಳಾಸ ಕೆಂಪಲ್ಲಿದೆ. ಅಲ್ಲಿಗೆ ಸಾಲ ಇಲ್ಲ."

"ಯಾಕೆ ಸಾರ್? ಯಾರಾದ್ರೂ ಸಾಲ ತಗೊಂಡು ಕೈಯೆತ್ತಿದಾರಾ?"

"ಯಾವತ್ತೂ ಕೊಟ್ಟೇ ಇಲ್ಲ, ಕೈಯೆತ್ತೋದು ಹೇಗೆ?" ಎಂದ ಮ್ಯಾನೇಜರ್. ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕಂಡಿತು.

ಅವಳು ಆಸೆ ಬಿಟ್ಟಳು. ಬಿಟ್ಟು ಹದಿನೈದು ದಿನಕ್ಕೆ ಅದೇ ಮ್ಯಾನೇಜರ್ ತಾನಾಗಿಯೇ ಫೋನು ಮಾಡಿದ. ಧ್ವನಿಯಲ್ಲಿ ಬೆಣ್ಣೆ ಇತ್ತು.

"ನಿಮ್ಮ ಫೈಲು ಓಡ್ತಾ ಇದೆ. ನಾಳಿದ್ದು ಮೈದಾನಕ್ಕೆ ಬನ್ನಿ. ಮಂತ್ರಿಗಳು ಕೀಲಿ ಕೊಡ್ತಾರೆ. ತಾಯಿಯವರನ್ನೂ ಕರ್ಕೊಂಡು ಬನ್ನಿ, ಚೆನ್ನಾಗಿ ಕಾಣತ್ತೆ."

"ನೀವು" ಎಂದದ್ದೇ ಗೇರಕ್ಕನಿಗೆ ಅನುಮಾನ ತರಿಸಬೇಕಿತ್ತು. ತರಿಸಲಿಲ್ಲ. ಅವಳು ಅವ್ವನಿಗೆ ಒಗೆದ ಬಟ್ಟೆ ಉಡಿಸಿ, ತಲೆ ಬಾಚಿ ಕರೆದೊಯ್ದಳು.

ಮೈದಾನದಲ್ಲಿ ಹತ್ತು ಮಂದಿ ಫಲಾನುಭವಿಗಳು ಸಾಲಾಗಿ ನಿಂತಿದ್ದರು. ಕಾರು ಮಾತ್ರ ಒಂದೇ ಇತ್ತು. ಬಿಳಿ ಕಾರು. ಒಬ್ಬೊಬ್ಬರ ಸರದಿ ಬಂದಾಗ ಶೋರೂಮಿನ ಟೈ ಕಟ್ಟಿದ ಮಾರಾಟಗಾರ ಓಡಿ ಬಂದು ಅದರ ರಿಬ್ಬನ್ ಬದಲಾಯಿಸುತ್ತಿದ್ದ. ಮೊದಲನೆಯವನಿಗೆ ಕೆಂಪು, ಎರಡನೆಯವನಿಗೆ ನೀಲಿ. ನಂಬರ್ ನಾಲ್ಕು ಗೇರಕ್ಕ. ಅವಳದು ಹಸಿರು. ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. "ಸ್ವಲ್ಪ ನಗಿ ಅಜ್ಜಿ" ಎಂದ ಫೋಟೋದವನು. ಅವ್ವ ನಕ್ಕಳು. ಸೀಟು ಮೆತ್ತಗಿತ್ತು, ನಗು ನಿಜವಾದದ್ದೇ.

ಮಂತ್ರಿಗಳು ಉಳಿದವರ ಕೈ ಕುಲುಕಿದರು. ಗೇರಕ್ಕನ ಬಗ್ಗೆ ಆಪ್ತ ಸಹಾಯಕ ಕಿವಿಯಲ್ಲಿ ಏನೋ ಹೇಳಿದ. ಮಂತ್ರಿಗಳು ರಟ್ಟಿನ ಕೀಲಿಯ ಆ ತುದಿ ಹಿಡಿದುಕೊಂಡು ಈ ತುದಿ ಅವಳ ಕಡೆ ಚಾಚಿದರು. ಎರಡಡಿ ಉದ್ದದ ಕೀಲಿ. ಕೈಗೆ ಕೈ ತಾಗದ ಹಾಗೆ ಅಳತೆ ಮಾಡಿ ಕತ್ತರಿಸಿದಂತಿತ್ತು.

ಫೋಟೋ ಆಯಿತು. ಟೈ ಕಟ್ಟಿದವನು ಕೀಲಿ ಕಿತ್ತುಕೊಂಡ. "ಇಳೀರಿ, ಇಳೀರಿ, ಐದನೆಯವರು ಬರ್ಲಿ."

"ಕಾರು?"

"ಬ್ಯಾಂಕಿನೋರು ಫೋನ್ ಮಾಡ್ತಾರೆ."

ಮರುದಿನ ಪತ್ರಿಕೆಯಲ್ಲಿ ಅವಳ ಫೋಟೋ ದೊಡ್ಡದಾಗಿ ಬಂತು. "ಕಸದಿಂದ ಕಾರಿಗೆ" ಎಂದು ತಲೆಬರಹ. ಓಣಿಯವರು ನೋಡಲು ಬಂದರು. ಕಾರೆಲ್ಲಿ ಎಂದು ಕೇಳಿದರು. "ಪತ್ರಿಕೇಲಿದೆ" ಎಂದಳು ಚಿಕ್ಕವ್ವ.

ಬ್ಯಾಂಕಿನವರು ಫೋನು ಮಾಡಲಿಲ್ಲ. ಮೂರು ವಾರದ ಮೇಲೆ ಒಂದು ಸರ್ಕಾರಿ ಲಕೋಟೆ ಬಂತು. ಅವಳ ಜನ್ಮದಲ್ಲಿ ಅವಳ ಹೆಸರಿಗೆ ಬಂದ ಮೊದಲ ಸರ್ಕಾರಿ ಕಾಗದ. ಗೇರಕ್ಕ ಅದನ್ನು ಎರಡು ಸಲ ಓದಿದಳು. "ತಮ್ಮ ಕುಟುಂಬವು ನಾಲ್ಕು ಚಕ್ರದ ವಾಹನವನ್ನು ಹೊಂದಿರುವುದು ದೃಢಪಟ್ಟಿರುವುದರಿಂದ, ತಾವು ಬಡವರ ವ್ಯಾಖ್ಯೆಯಿಂದ ಹೊರಬಂದಿದ್ದೀರಿ. ಅಭಿನಂದನೆಗಳು. ತಮ್ಮ ಉಚಿತ ಚಿಕಿತ್ಸೆಯ ಕಾರ್ಡನ್ನು ಈ ದಿನದಿಂದಲೇ ರದ್ದುಪಡಿಸಲಾಗಿದೆ."

ಅದು ಸೋಮವಾರ. ಮಂಗಳವಾರ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೆಲಸ ಮಾಡಲಿಲ್ಲ. ಎರಡು ಗಂಟೆಗೆ ಅವ್ವನ ಯಂತ್ರದ ಪಕ್ಕ ಬೇರೆ ಯಾರೋ ಮಲಗಿದರು. ಅವ್ವನನ್ನು ತಳ್ಳುಗಾಡಿಯಲ್ಲಿ ಹಾಗೆಯೇ ವಾಪಸು ತಂದರು.

ಬುಧವಾರ ಗೇರಕ್ಕ ಕಾರ್ಡಿನ ಕಚೇರಿಗೆ ಹೋದಳು.

"ನನ್ನ ಹತ್ರ ಕಾರಿಲ್ಲ. ಬರೀ ಫೋಟೋ ತೆಗೆದ್ರು."

"ಫೋಟೋ ನಾವು ನೋಡಲ್ಲ. ಪಟ್ಟಿ ನೋಡ್ತೀವಿ. ಪಟ್ಟಿಯಲ್ಲಿ ನೀನು ನಂಬರ್ ನಾಲ್ಕು" ಎಂದ ಅಲ್ಲಿಯ ಅಧಿಕಾರಿ. "ಕಾರು ಕೊಟ್ಟಿಲ್ಲ ಅಂತ ಬ್ಯಾಂಕಿಂದ ಒಂದು ಕಾಗದ ತಂದುಬಿಡು. ಐದು ನಿಮಿಷದ ಕೆಲಸ."

ಗುರುವಾರ ಬ್ಯಾಂಕಿಗೆ ಹೋದಳು. ಆ ಐದು ನಿಮಿಷದ ಕೆಲಸಕ್ಕೆ ಬೆಳಗಿನಿಂದ ಸಂಜೆವರೆಗೆ ನಿಂತಳು. ಕುರ್ಚಿ ಖಾಲಿ ಇದ್ದವು. ಕಾವಲುಗಾರ ಕೂರಲು ಬಿಡಲಿಲ್ಲ. ಐದು ಗಂಟೆಗೆ ಮ್ಯಾನೇಜರ್ ಬ್ಯಾಗು ಹಿಡಿದು ಹೊರಬಂದ.

"ಕೊಟ್ಟಿಲ್ಲ ಅಂತ ಬರೆಯೋಕಾಗಲ್ಲಮ್ಮ. ಕೊಟ್ಟಿದೀವಿ ಅಂತ ಮೇಲಕ್ಕೆ ಹೋಗಿಬಿಟ್ಟಿದೆ."

"ಹಾಗಾದ್ರೆ ಕಾರು ಕೊಡಿ."

"ಕೊಡೋಕೆ ನಿನಗೆ ಕೆಲಸ ಇಲ್ವಲ್ಲ." "ನೀನು" ಮತ್ತೆ ಬಂದಿತ್ತು.

"ಅವ್ವ ಸಾಯ್ತಾಳೆ ಸಾರ್."

ಮ್ಯಾನೇಜರ್ ಗಡಿಯಾರ ನೋಡಿದ. "ನಾಳೆ ಬಾ" ಎಂದ. ಅದು ಅವನು ಎಲ್ಲರಿಗೂ ಹೇಳುವ ಮಾತು. ಸಾಯುವವರಿಗೆ ಬೇರೆ ಮಾತು ಅವನ ಹತ್ತಿರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವನ ಪಾದ ಬೆರಳಿನಿಂದ ಒತ್ತಿದರೆ ಗುಳಿ ಬಿತ್ತು. ಬಿದ್ದ ಗುಳಿ ಮೇಲೇಳಲಿಲ್ಲ. ಮುಖ ಊದಿ ಕಣ್ಣು ಸಣ್ಣಗಾಗಿತ್ತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದಳು. ಬೆಳಗಿನ ಗುಡಿಸುವ ಪಾಳಿ ಮುಗಿಸಿ ಚಿಕ್ಕವ್ವ ಬಂದಳು. ಜೊತೆಗೆ ಅವಳ ಪಾಳಿಯ ಮೂವರು ಹೆಂಗಸರು. ನಾಲ್ವರ ಮೈಮೇಲೂ ನಗರಸಭೆಯ ಕಿತ್ತಳೆ ಅಂಗಿ. ಪೊರಕೆ ಇನ್ನೂ ಕೈಯಲ್ಲಿತ್ತು.

ಚಿಕ್ಕವ್ವ ಆ ಸರ್ಕಾರಿ ಕಾಗದ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಏನು ಬರ್ದಿದಾರೆ, ಸರಿಯಾಗಿ ಓದು."

ಗೇರಕ್ಕ ಓದಿದಳು.

"ಅಂದ್ರೆ ಕಾರು ನಿಂದೇ ಅಂತ ಸರ್ಕಾರನೇ ಹೇಳ್ತಾ ಇದೆ."

"ಹೌದು."

"ಸೀಲು ಇದೆಯಾ?"

"ಇದೆ."

"ಮತ್ತೆ ನಮ್ಮ ಕಾರು ಅವರ ಅಂಗಡೀಲಿ ಯಾಕೆ ನಿಂತಿದೆ?"

ಗೇರಕ್ಕ ಚಿಕ್ಕವ್ವನ ಮುಖ ನೋಡಿದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಅಷ್ಟರಲ್ಲಿ ಚಿಕ್ಕವ್ವ ಗಾಡಿಯ ಡ್ರಮ್ಮು ಇಳಿಸುತ್ತಿದ್ದಳು.

ಶೋರೂಮ್ ದೊಡ್ಡ ರಸ್ತೆಯಲ್ಲಿ, ಬ್ಯಾಂಕಿನಿಂದ ಎರಡು ಕಟ್ಟಡ ಆಚೆ. ಅಲ್ಲಿಂದ ಆಸ್ಪತ್ರೆ ಅರ್ಧ ಮೈಲಿಯೂ ಇಲ್ಲ. ಹೊಸ ಕಾರುಗಳನ್ನು ಒಳತರಲು ಪಕ್ಕದ ಅಗಲದ ಬಾಗಿಲು ತೆರೆದಿತ್ತು. ಆ ಬಿಳಿ ಕಾರು ನಡುವೆಯೇ ನಿಂತಿತ್ತು. ಹಸಿರು ರಿಬ್ಬನ್ ಇರಲಿಲ್ಲ, ಆದರೂ ಗೇರಕ್ಕ ಗುರುತು ಹಿಡಿದಳು. ಟೈ ಕಟ್ಟಿದವನು ಯಾವುದೋ ಗಿರಾಕಿ ದಂಪತಿಗೆ ಅದರ ದೀಪ, ಹಾಡು ತೋರಿಸಿ, ಕೀಲಿ ಅದರಲ್ಲೇ ಬಿಟ್ಟು ಅವರಿಗೆ ತಂಪು ಪಾನೀಯ ತರಲು ಹೋಗಿದ್ದ. ದಂಪತಿ ಕಿತ್ತಳೆ ಅಂಗಿಗಳನ್ನು ಕಂಡು, ಗುಡಿಸಲು ಬಂದವರೆಂದು ಕಾಲೆತ್ತಿಕೊಂಡರು.

ನಾಲ್ವರು ಹೆಂಗಸರು ಅವ್ವನನ್ನು ತಳ್ಳುಗಾಡಿಯಿಂದ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಗೇರಕ್ಕ ಮುಂದೆ ಕೂತು ಬಾಗಿಲು ಹಾಕಿಕೊಂಡಳು.

ಟೈ ಕಟ್ಟಿದವನು ಗ್ಲಾಸು ಹಿಡಿದು ಬಂದವನು ಗ್ಲಾಸು ಹಿಡಿದೇ ಓಡಿದ. "ಏಯ್, ಇಳಿ, ಇಳಿ. ಸೀಟು ಕೊಳೆ ಆಗತ್ತೆ."

ಗೇರಕ್ಕ ಕಿಟಕಿಯ ಗಾಜನ್ನು ಎರಡು ಬೆರಳು ಇಳಿಸಿದಳು. ಸರ್ಕಾರಿ ಕಾಗದವನ್ನು ಅದಕ್ಕೆ ಒತ್ತಿ ತೋರಿಸಿದಳು. "ಓದ್ಕೊಳ್ಳಿ. ಕಾರು ನಂದು."

"ಇಳೀತೀಯೋ ಇಲ್ವೋ?"

"ಇಳಿಯಲ್ಲ."

ಅವಳು ಇಷ್ಟು ಸಣ್ಣ ಮಾತನ್ನು ಜೀವನದಲ್ಲಿ ಯಾರಿಗೂ ಹೇಳಿರಲಿಲ್ಲ. ಗುತ್ತಿಗೆದಾರನಿಗೆ ಹೇಳಿರಲಿಲ್ಲ, ಗುಮಾಸ್ತೆಗೆ ಹೇಳಿರಲಿಲ್ಲ, ಮೈದಾನದಲ್ಲಿ ಇಳಿ ಎಂದಾಗಲೂ ಹೇಳಿರಲಿಲ್ಲ. ಹೇಳಿದ ಮೇಲೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡಳು.

ಟೈ ಕಟ್ಟಿದವನು ಬ್ಯಾಂಕಿನ ಮ್ಯಾನೇಜರನನ್ನು ಕರೆಸಿದ. ಮ್ಯಾನೇಜರ್ ಬಂದು ಗಾಜಿಗೆ ಬಾಯಿ ಹತ್ತಿರ ತಂದ. ಬೆಣ್ಣೆಯ ಧ್ವನಿ ಮರಳಿತ್ತು.

"ನೋಡಿ, ಇಳಿದು ಬನ್ನಿ. ಕೂತು ಮಾತಾಡೋಣ."

"ನಿನ್ನೆ ಇಡೀ ದಿನ ನಿಂತಿದ್ದೆ. ಇವತ್ತು ಕೂತಿದೀನಿ. ಹೇಳಿ."

"ಏನು ಬೇಕು ನಿಮಗೆ?"

"ಎರಡರಲ್ಲಿ ಒಂದು. ಕಾರು ಕೊಟ್ಟಿದೀವಿ ಅಂತ ಸಾಲದ ಕಾಗದ ಕೊಡಿ. ಇಲ್ಲ, ಕೊಟ್ಟಿಲ್ಲ, ಬರೀ ಫೋಟೋ ತೆಗೆದ್ವಿ ಅಂತ ಬರ್ದು ಕೊಡಿ."

"ಎರಡೂ ಆಗಲ್ಲ ಮೇಡಂ."

ಏಳು ಸಲದಲ್ಲಿ ಒಮ್ಮೆಯೂ ಬಾರದ "ಮೇಡಂ" ಎರಡು ಬೆರಳ ಸಂದಿಯಿಂದ ಒಳಗೆ ಬಂತು. ಹಿಂದಿನ ಸೀಟಿನಲ್ಲಿ ಅವ್ವನ ಉಸಿರು ಸಿಳ್ಳೆಯ ಹಾಗೆ ಕೇಳಿಸುತ್ತಿತ್ತು. ಶೋರೂಮಿನ ಗೋಡೆಯ ಗಡಿಯಾರದಲ್ಲಿ ಒಂದೂ ಕಾಲು.

ಗೇರಕ್ಕ ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದಳು. ಅದೂ ಇಲ್ಲ.

ಟೈ ಕಟ್ಟಿದವನ ಮುಖ ಅರಳಿತು. "ತೋರಿಸೋ ಕಾರಿಗೆ ಯಾರಾದ್ರೂ ಪೆಟ್ರೋಲ್ ಹಾಕ್ತಾರಾ? ಎಲ್ಲಿಗೆ ಹೋಗ್ತೀಯ ಈಗ?"

ಚಿಕ್ಕವ್ವ ಅಲ್ಲಿಯವರೆಗೆ ಪೊರಕೆ ಊರಿ ನಿಂತು ನೋಡುತ್ತಿದ್ದಳು. ಪೊರಕೆಯನ್ನು ಗಿರಾಕಿಗಳ ಸೋಫಾಕ್ಕೆ ಒರಗಿಸಿದಳು. ಕಾರಿನ ಹಿಂದೆ ಹೋಗಿ ಅಂಗೈಗೆ ಉಗಿದುಕೊಂಡಳು.

"ಇದಕ್ಕೆ ಚಕ್ರ ನಾಲ್ಕಿದೆ. ನಮ್ಮ ಗಾಡಿಗೆ ಎರಡೇ" ಎಂದಳು. "ಬನ್ರೇ."

ನಾಲ್ವರೂ ಭುಜ ಕೊಟ್ಟರು. ಕಾರು ಅಲುಗಿತು. ಹೊಳೆಯುವ ನೆಲದ ಮೇಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಜಾರಿ, ಅಗಲದ ಬಾಗಿಲು ದಾಟಿ, ಇಳಿಜಾರಿನಲ್ಲಿ ರಸ್ತೆಗಿಳಿಯಿತು. ಮ್ಯಾನೇಜರ್ ಹಿಂದೆ ಓಡಿದ. ಅವನ ಹಿಂದೆ ಟೈ ಕಟ್ಟಿದವನು. ಅವನ ಕೈಯಲ್ಲಿ ಗ್ಲಾಸು ಇನ್ನೂ ಇತ್ತು.

ಎಂಜಿನ್ ಸತ್ತ ಕಾರಿನ ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿ. ಗೇರಕ್ಕನ ದಪ್ಪ ಭುಜ ಅದನ್ನು ತಿರುಗಿಸಿತು. ಹಿಂದೆ ಹೆಂಗಸರ ಉಸಿರು, ಚಪ್ಪಲಿ ತಿಕ್ಕುವ ಸದ್ದು. ಒಬ್ಬಳ ಚಪ್ಪಲಿ ಹರಿಯಿತು, ಬಿಟ್ಟು ಬರಿಗಾಲಲ್ಲಿ ತಳ್ಳಿದಳು. ಬಿಸಿಲಿಗೆ ಡಾಂಬರು ಸುಡುತ್ತಿತ್ತು. ಬೆವರು ಕಾರಿನ ಬಿಳಿ ಬಣ್ಣದ ಮೇಲೆ ಅಂಗೈಗಳ ಗುರುತು ಬಿಡುತ್ತಿತ್ತು. ಅಂಗಡಿಗಳವರು ಹೊರಬಂದರು. ಯಾರೋ ಫೋನು ಹಿಡಿದು ವೀಡಿಯೋ ತೆಗೆದರು.

ವೃತ್ತದಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. "ಏನಿದು?"

"ಕಳ್ಳತನ" ಎಂದ ಟೈ ಕಟ್ಟಿದವನು, ಏದುಸಿರು ಬಿಡುತ್ತ. "ಕಾರು ಕದ್ದುಕೊಂಡು ಹೋಗ್ತಿದಾರೆ."

ಪೇದೆ ಬೆವರುತ್ತಿದ್ದ ನಾಲ್ವರು ಹೆಂಗಸರನ್ನು ನೋಡಿದ. ಸೀಟಿಗೊರಗಿದ ಮುದುಕಿಯನ್ನು ನೋಡಿದ. ಇಷ್ಟು ನಿಧಾನವಾಗಿ ನಡೆಯುವ ಕಳ್ಳತನವನ್ನು ಅವನು ಕಂಡಿರಲಿಲ್ಲ. ಗೇರಕ್ಕ ಕಾಗದ ಕೊಟ್ಟಳು. ಅವನು ಸೀಲನ್ನು ಉಗುರಿನಿಂದ ಕೆರೆದು ನೋಡಿದ.

"ಇದರಲ್ಲಿ ಕಾರು ಇವರದೇ ಅಂತ ಇದೆಯಲ್ಲ."

"ಆ ಕಾಗದ ತಪ್ಪು" ಎಂದ ಮ್ಯಾನೇಜರ್.

"ಹಾಗಂತ ಬರ್ದು ಸಹಿ ಹಾಕಿ ಕೊಡಿ. ಈಗ್ಲೇ ಕೇಸ್ ಹಾಕ್ತೀನಿ."

ಮ್ಯಾನೇಜರ್ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡ, ಹೊರಗೆ ತೆಗೆಯಲಿಲ್ಲ.

ಪೇದೆ ದನಿ ತಗ್ಗಿಸಿದ. "ಪತ್ರಿಕೇಲಿ ಇವರ ಫೋಟೋ ನೋಡಿದೀನಿ. ಮಂತ್ರಿಗಳು ಕೊಟ್ಟ ಕಾರನ್ನ ಕಳ್ಳತನದ್ದು ಅಂತ ಬರೆದ್ರೆ ನನ್ನ ಕೆಲಸ ಹೋಗತ್ತೆ ಸಾರ್. ಆಮೇಲೆ ನಾನೂ ನಿಮ್ಮ ಹತ್ರ ಕಾರು ಸಾಲಕ್ಕೆ ಬರ್ಬೇಕಾಗತ್ತೆ." ಅವನು ಎದುರಿನ ವಾಹನಗಳನ್ನು ನಿಲ್ಲಿಸಿ ದಾರಿ ಬಿಡಿಸಿಕೊಟ್ಟ. ಆಮೇಲೆ ಕಥೆ ಏನಾಗುತ್ತದೆಂದು ನೋಡಲು ತಾನೂ ಹಿಂದೆ ನಡೆದ.

ಆಸ್ಪತ್ರೆಯ ತುರ್ತು ಚಿಕಿತ್ಸೆಯ ಗೇಟಿನೊಳಗೆ ಕಾರು ನಿಂತಾಗ ಎರಡಕ್ಕೆ ಹನ್ನೆರಡು ನಿಮಿಷ ಇತ್ತು. ಚಿಕ್ಕವ್ವ ಬಂಪರಿನ ಮೇಲೆ ಕೂತುಬಿಟ್ಟಳು. ಗೇರಕ್ಕ ಅವ್ವನನ್ನು ಗಾಲಿ ಕುರ್ಚಿಗೆ ಇಳಿಸಿ ಕೌಂಟರಿಗೆ ತಳ್ಳಿದಳು.

"ಕಾರ್ಡು ರದ್ದಾಗಿದೆ" ಎಂದಳು ಕೌಂಟರಿನವಳು. ಗಾಜಿನಾಚೆ ನೋಡಿದಳು. "ಕಾರಲ್ಲೇ ಬಂದಿದೀರಲ್ಲ ಮತ್ತೆ."

ಹೊರಗೆ ಮ್ಯಾನೇಜರನ ಫೋನು ಹೊಡೆದುಕೊಂಡಿತು. ಶೋರೂಮಿನ ಮಾಲೀಕ. ಅವನ ದನಿ ಸುತ್ತ ನಿಂತವರಿಗೆಲ್ಲ ಕೇಳಿಸಿತು. "ರಸ್ತೆಗಿಳಿದ ಕಾರು ಮಾರಿದ ಕಾರು. ಸಂಜೆಯೊಳಗೆ ಸಾಲದ ದುಡ್ಡು ಹಾಕಿ. ಇಲ್ಲ, ಕಾರು ನಮ್ದು ಅಂತ ಬರ್ದು ವಾಪಸ್ ತನ್ನಿ."

ಮ್ಯಾನೇಜರ್ ಕಣ್ಣು ಮುಚ್ಚಿ ನಿಂತ. ಕೆಂಪು ಓಣಿಗೆ ಸಾಲ ಕೊಡುವುದು ಒಂದು ಕಡೆ, ನಿಜ ಬರೆಯುವುದು ಇನ್ನೊಂದು ಕಡೆ. ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಹಾಕಿ ತೂಗಿದ. ನಿಜ ಬರೆಯುವುದರಲ್ಲೇ ನಷ್ಟ ಕಡಿಮೆ ಎನಿಸಿತು.

ಒಳಗೆ ಬಂದು ಕೌಂಟರಿನಿಂದ ಒಂದು ಹಾಳೆ ಬೇಡಿ ಪಡೆದ. ಪೆನ್ನು ತೆಗೆದ. "ಏನಂತ ಬರೀಲಿ?"

"ಆಗಿದ್ದು ಬರೀರಿ" ಎಂದಳು ಗೇರಕ್ಕ. "ಯಾಕೆ ಕೊಟ್ಟಿಲ್ಲ ಅನ್ನೋದನ್ನೂ ಬರೀರಿ."

ಅವನು ಬರೆದ. ಅವಳು ಇಸಿದುಕೊಂಡು, ಪೇದೆಗೂ ಕೌಂಟರಿನವಳಿಗೂ ಸಾಲಿನಲ್ಲಿ ನಿಂತಿದ್ದ ರೋಗಿಗಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು. "ಅರ್ಜಿದಾರರು ನಿರುದ್ಯೋಗಿಯಾಗಿರುವ ಕಾರಣ ಅವರಿಗೆ ನಿರುದ್ಯೋಗಿಗಳ ಕಾರು ಸಾಲ ಮಂಜೂರಾಗಿರುವುದಿಲ್ಲ. ಕಾರನ್ನು ಛಾಯಾಚಿತ್ರಕ್ಕಾಗಿ ಮಾತ್ರ ನೀಡಿ ಹಿಂಪಡೆಯಲಾಗಿದೆ."

ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಕೈಗೆ ಬ್ಯಾಂಡೇಜು ಕಟ್ಟಿಕೊಂಡವರು, ಕೆಮ್ಮುವವರು, ಮೂಗಿಗೆ ನಳಿಗೆ ಹಾಕಿಕೊಂಡವನೊಬ್ಬ ಕೂಡ. ಮ್ಯಾನೇಜರ್ ಸೀಲು ಒತ್ತಿದ. ಬ್ಯಾಂಕಿನ ಸೀಲು ಬೇರೆಯವರ ಕೈಗೆ ಸಿಗಬಾರದೆಂದು ಅವನು ಅದನ್ನು ಯಾವಾಗಲೂ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ.

ಕೌಂಟರಿನವಳು ಕಾರ್ಡಿನ ಕಚೇರಿಗೆ ಫೋನು ಮಾಡಿ ಆ ಎರಡು ಸಾಲು ಓದಿದಳು. ರದ್ದಾಗಿದ್ದ ಕಾರ್ಡು ಮತ್ತೆ ಚಾಲ್ತಿಗೆ ಬಂತು. ಅಷ್ಟರಲ್ಲಿ ನರ್ಸು ಯಾರ ಕಾಗದಕ್ಕೂ ಕಾಯದೆ ಅವ್ವನ ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋಗಿದ್ದಳು. ಯಂತ್ರದ ನಳಿಗೆಯಲ್ಲಿ ಅವ್ವನ ರಕ್ತ ಹರಿಯಲು ಶುರುವಾಗುವವರೆಗೂ ಗೇರಕ್ಕ ಬಾಗಿಲಲ್ಲಿ ನಿಂತಳು. ಮುಂದಿನ ಮಂಗಳವಾರ ಹೇಗೆಂದು ಗೊತ್ತಿರಲಿಲ್ಲ. ಇವತ್ತು ಮಾತ್ರ ಆಯಿತು. ಅವ್ವ ಕಣ್ಣು ತೆರೆದು ಅವಳನ್ನು ನೋಡಿ, ಹೋಗು ಎಂಬಂತೆ ಬೆರಳು ಆಡಿಸಿದಳು.

ಹೊರಗೆ ಗಲಾಟೆ ಎದ್ದಿತ್ತು. ಗೇಟಿನ ಹೊರಗೆ ಆಂಬುಲೆನ್ಸ್ ಕೂಗುತ್ತಿತ್ತು. ಬಿಳಿ ಕಾರು ದಾರಿಗೆ ಅಡ್ಡ.

"ತೆಗೀರಿ, ಈಗ್ಲೇ ತೆಗೀರಿ" ಎಂದು ಗೇಟಿನ ಕಾವಲುಗಾರ ಮ್ಯಾನೇಜರನ ಮೇಲೆ ಹರಿಹಾಯುತ್ತಿದ್ದ.

"ಪೆಟ್ರೋಲ್ ತರಿಸ್ತೀನಿ, ಹತ್ತು ನಿಮಿಷ."

"ಹತ್ತು ನಿಮಿಷಕ್ಕೆ ಒಳಗಿರೋನು ಸಾಯ್ತಾನೆ. ತಳ್ರಿ."

ಮ್ಯಾನೇಜರ್ ಹೆಂಗಸರ ಕಡೆ ನೋಡಿದ. ನಾಲ್ವರೂ ಮೆಟ್ಟಿಲ ಮೇಲೆ ಕೂತಿದ್ದರು. ಬರಿಗಾಲಿನವಳು ಅಂಗಾಲಿನ ಗುಳ್ಳೆ ನೋಡಿಕೊಳ್ಳುತ್ತಿದ್ದಳು.

"ಸ್ವಲ್ಪ ಕೈ ಹಾಕಿ" ಎಂದ.

"ಕಾರು ನಮ್ದಾಗಿದ್ದಾಗ ನಾವು ತಳ್ಳಿದ್ವಿ" ಎಂದಳು ಚಿಕ್ಕವ್ವ. "ಈಗ ನಿಮ್ದು ಅಂತ ಬರ್ದು ಕೊಟ್ಟಿದೀರಲ್ಲ."

ಮ್ಯಾನೇಜರ್ ಕೋಟು ಬಿಚ್ಚಿದ. ಟೈ ಕಟ್ಟಿದವನು ಟೈಯನ್ನು ಭುಜದ ಹಿಂದಕ್ಕೆ ಎಸೆದುಕೊಂಡ. ಗೇಟಿನ ದಾರಿ ಹೊರಗಡೆಗೆ ಏರು. ಇಬ್ಬರಿಂದ ಆಗಲಿಲ್ಲ. ಪೇದೆಯೂ ಲಾಠಿ ಕಂಕುಳಲ್ಲಿಟ್ಟು ಕೈ ಕೊಟ್ಟ. ಆಗ ಸ್ಟೇರಿಂಗ್ ಹಿಡಿಯುವವರು ಇರಲಿಲ್ಲ. ಕಾರು ಮಾರುವವನಿಗೆ ಲೈಸೆನ್ಸೇ ಇಲ್ಲ ಎಂದು ಆಗ ತಿಳಿಯಿತು. ಮ್ಯಾನೇಜರ್ ಒಳಗೆ ಕೂತರೆ ತಳ್ಳಲು ಒಬ್ಬ ಕಡಿಮೆ. ಮೂವರೂ ಗೇರಕ್ಕನನ್ನು ನೋಡಿದರು.

ಆಂಬುಲೆನ್ಸಿನಲ್ಲಿರುವವನು ಯಾರ ಮನೆಯವನೋ. ಗೇರಕ್ಕ ಹೋಗಿ ಕೂತಳು. ಬಾಗಿಲು ಹಾಕಿಕೊಂಡಳು.

"ಕೈಯಿಂದಲ್ಲ, ಭುಜದಿಂದ" ಎಂದು ಚಿಕ್ಕವ್ವ ಮೆಟ್ಟಿಲ ಮೇಲಿಂದ ಹೇಳಿಕೊಟ್ಟಳು. "ತಲೆ ತಗ್ಗಿಸಿ. ಇನ್ನೂ ತಗ್ಗಿಸಿ."

ಕಾರು ಇಂಚಿಂಚಾಗಿ ಹಿಂದಕ್ಕೆ ಸರಿದು ಗೇಟಿನಿಂದ ಹೊರಬಂತು. ಆಂಬುಲೆನ್ಸ್ ಸರ್ರೆಂದು ಒಳಗೆ ಹೋಯಿತು. ಪೇದೆಯ ಕೆಲಸ ಮುಗಿಯಿತು, ಅವನು ವೃತ್ತಕ್ಕೆ ಹೊರಟ. ಉಳಿದದ್ದು ಶೋರೂಮಿನವರೆಗಿನ ಅರ್ಧ ಮೈಲಿ. ಬಿಸಿಲು, ಏರು. ಮಾಲೀಕನ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಟೈ ಕಟ್ಟಿದವನು ಪೆಟ್ರೋಲಿಗೆಂದು ಜೇಬು ತಡಕಿದ. ಪಾಕೀಟು ಶೋರೂಮಿನಲ್ಲಿತ್ತು. ಮ್ಯಾನೇಜರ್ ತನ್ನ ಜೇಬು ತಡಕಿದ. ದುಡ್ಡಿರಲಿಲ್ಲ, ಸೀಲು ಇತ್ತು.

"ಯಾರ ಹತ್ರನಾದ್ರೂ ಸಾಲ ಕೇಳಿ ನೋಡಿ" ಎಂದಳು ಗೇರಕ್ಕ.

ಕೊಡುವವರು ಯಾರೂ ಇರಲಿಲ್ಲ. ಇಬ್ಬರೂ ತಲೆ ತಗ್ಗಿಸಿ ಭುಜ ಕೊಟ್ಟರು. ಅಂಗಡಿಗಳವರು ಮತ್ತೆ ಹೊರಬಂದರು. ಗೇರಕ್ಕ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಮೊಣಕೈ ಹೊರಗಿಟ್ಟಳು. ಅವ್ವ ಹೊರಬರಲು ಇನ್ನೂ ಮೂರೂವರೆ ಗಂಟೆಯಿತ್ತು. ಅವಸರವೇನಿರಲಿಲ್ಲ.

"ಯಾಕೋ ತುಂಬಾ ಭಾರ" ಎಂದ ಮ್ಯಾನೇಜರ್ ಹಿಂದಿನಿಂದ, ಉಸಿರು ಸಿಗದೆ. "ಮೇಡಂ, ಬ್ರೇಕ್ ಏನಾದ್ರೂ ಹಿಡಿದಿದೀರಾ?"

"ಇಲ್ಲ ಸಾರ್" ಎಂದಳು ಗೇರಕ್ಕ. "ತಳ್ಳಿ."

ಅವಳ ಬಲಗಾಲು ಬ್ರೇಕಿನ ಮೇಲಿತ್ತು. ಪೂರ್ತಿ ಒತ್ತಿರಲಿಲ್ಲ. ಸ್ವಲ್ಪ.